ಹೊಸ್ತಿಲು ದಾಟದ ಗಾದಿ

"ಕೇಳ್ರಪ್ಪೋ ಕೇಳ್ರಿ! ದೊರೆ ಸೋಮರಸರಿಗೆ ಮೂರು ತಿಂಗಳಿಂದ ನಿದ್ದೆಯಿಲ್ಲ. ರಾಣಿಯವರು ಮೂರು ಒಗಟು ಕಟ್ಟಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!"

ಡಂಗುರ ಕೇಳಿದ್ದೇ ತಡ, ಕೆಂಚನಗಡದ ಪೇಟೆಯವರೆಲ್ಲ ಬಾಗಿಲು ಹಾಕಿಕೊಂಡರು. ದಾವಲಸಾಬ ಮಾತ್ರ ಹತ್ತಿ ಹಿಂಜುವ ಬಿಲ್ಲನ್ನು ಗೋಡೆಗೆ ಒರಗಿಸಿ ಎದ್ದ. ಅವನ ಅಣ್ಣ ಮೌಲಾಸಾಬ ಸೆರೆಯಲ್ಲಿದ್ದ. ದೊರೆಯ ಗಾದಿಯ ಹತ್ತಿ ಹಿಂಜಲು ಹೋದವನು ಅದರೊಳಗೆ ಮಾಟದ ಗಂಟು ಇಟ್ಟನಂತೆ, ಅಂದಿನಿಂದಲೇ ದೊರೆಯ ನಿದ್ದೆ ಹೋಯಿತಂತೆ. ಮಂಗಳವಾರ ಗಲ್ಲು. ಬೆಳಗಾದರೆ ಹತ್ತಿಯ ಧೂಳು ಕುಡಿಯುವವನಿಗೆ ಮಾಟ ಎಲ್ಲಿಂದ ಬರಬೇಕು ಹೇಳಿ!

ಆಸ್ಥಾನದಲ್ಲಿ ರಾಣಿ ಮೊದಲನೆಯ ಒಗಟು ಕೇಳಿದಳು. "ದೊರೆಯ ಜೊತೆಗೇ ಮಲಗುತ್ತಾರೆ, ದೊರೆಯ ರಕ್ತವನ್ನೇ ಉಣ್ಣುತ್ತಾರೆ, ದೀಪ ತಂದರೆ ಕಾಣೆಯಾಗುತ್ತಾರೆ. ಯಾರವರು?"

ಜೋಯಿಸರು ಬೆರಳು ಮಡಿಸಿ ಎಣಿಸಿ, "ಶನಿ ಮತ್ತು ರಾಹು" ಎಂದರು. ಮಂಗಳವಾರದ ಗಲ್ಲಿಗೆಂದು ಅವರನ್ನು ಸೆರೆಗೆ ನಡೆಸಿದರು. ದಳವಾಯಿ ಮೀಸೆ ತಿರುವಿ, "ಶತ್ರುರಾಜನ ಗೂಢಚಾರರು" ಎಂದ. ಅವನೂ ಹೋದ. ಅರಮನೆಯ ಒಗಟಿಗೆ ಅರಮನೆಯಷ್ಟೇ ದೊಡ್ಡ ಉತ್ತರ ಇರಬೇಕೆಂದು ನಂಬಿದವರು, ಪಾಪ!

ದಾವಲಸಾಬ ಮುಂದೆ ಬಂದು ಕೈ ಮುಗಿದ. "ತಗಣಿರಿ, ತಾಯಿ," ಎಂದ.

ಸಭೆಯಲ್ಲಿ ಒಬ್ಬ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ದೊರೆಯ ಮುಖ ಕೆಂಪಾಯಿತು. "ನನ್ನ ಗಾದಿಯಲ್ಲಿ ತಿಗಣೆಯೇ?"

ರಾಣಿ ಮಾತ್ರ ನಗಲಿಲ್ಲ. "ಉತ್ತರ ಸರಿ. ಎರಡನೆಯದು ಕೇಳು. ಕತ್ತಿಗೆ ಸಿಗದ, ಮಂತ್ರಕ್ಕೆ ಮಣಿಯದ ಅವರನ್ನು ಕೊಲ್ಲುವ ಆಯುಧ ಬಡವನ ಅಂಗಳದಲ್ಲಿ ಬಿದ್ದಿರುತ್ತದೆ. ಏನದು?"

"ಬಿಸಿಲು ರೀ. ಗಾದಿ ಬಿಚ್ಚಿ ಸುಡುಬಿಸಿಲಿಗೆ ಹರವಬೇಕು. ಹೊದಿಕೆ ಕುದಿಸಬೇಕು. ಮಂಚದ ಸಂದಿಗೆಲ್ಲಾ ಕುದಿನೀರು ಹೊಯ್ಯಬೇಕು."

"ಸರಿ. ಇನ್ನು ಕೊನೆಯದು. ಮೂರು ತಲೆಮಾರು ಅವರನ್ನು ಸಾಕಿದವರು ಯಾರು?"

ದಾವಲಸಾಬನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತನ್ನ ತಲೆ, ಹೇಳದಿದ್ದರೆ ಅಣ್ಣನದೂ. ಅವನು ದೊರೆಯ ಕಡೆಗೇ ತಿರುಗಿದ.

"ನೀವ ರೀ, ದೊರೆಗಳೇ. ನಿಮ್ಮ ಅಪ್ಪಾರು, ಅಜ್ಜಾರು. ತಗಣಿ ಎಲ್ಲಾರ ಮನಿಗೂ ಬರ್ತಾವ, ನಮ್ಮ ಮನಿಗೂ ಬಂದಾವ. ನಮ್ಮವ್ವ ಗಾದಿ ಎತ್ತಿ ಅಂಗಳಕ್ಕ ಒಗಿತಾಳ. ನಿಮ್ಮ ಮನಿತನದಾಗ ಪಟ್ಟದವರು ಮಲಗೋ ಗಾದಿ ಹೊಸ್ತಿಲು ದಾಟಬಾರದು ಅಂತ ಕಟ್ಟಳೆ. ಬಿಸಿಲಿಗೆ ಹಾಕ್ರಿ ಅಂತ ನಮ್ಮಣ್ಣ ಕೈ ಮುಗದ. ಯಾರೂ ಕೇಳಲಿಲ್ಲ. ಕತ್ತಲ ಕೋಣ್ಯಾಗ ಹೊಲಿಗಿ ಬಿಚ್ಚಿಸಿದ್ರಿ, ಅಡಗಿದ್ದವು ಮಂಚದ ತುಂಬ ಹರಡಿದವು. ಮಾಟ ಇಲ್ಲ, ಮಂತ್ರ ಇಲ್ಲ."

"ಇದನ್ನೇ ನಾನು ಎಷ್ಟು ಸಲ ಹೇಳಿದೆ," ಎಂದಳು ರಾಣಿ ಮೆಲ್ಲಗೆ. "ಮಡದಿಯ ಮಾತಾಗಿ ನಿಮ್ಮ ಕಿವಿಗೆ ಬೀಳಲಿಲ್ಲ. ಅದಕ್ಕೇ ಒಗಟಾಗಿ ಕಟ್ಟಿದೆ."

ದೊರೆ ಎದ್ದು ಮಲಗುವ ಕೋಣೆಗೆ ಹೋದ. ಗಾದಿಯ ಅಂಚಿನ ಹೊಲಿಗೆಯನ್ನು ತಾನೇ ಹರಿದ. ಎಳ್ಳು ಚೆಲ್ಲಿದ ಹಾಗೆ ತಿಗಣೆಗಳು ಹರಿದಾಡುತ್ತಿದ್ದವು. ನೋಡಿದವನಿಗೆ ನಾಚಿಕೆಯಾಯಿತು. ಸಭೆಗೆ ಮರಳಿ ದಾವಲಸಾಬನನ್ನು ಹತ್ತಿರ ಕರೆದ.

"ಏನು ಬೇಕೋ ಕೇಳಪ್ಪ. ಊರು ಕೇಳು, ಹೊನ್ನು ಕೇಳು."

"ಸೆರೆಯ ಬಾಗಿಲು ತಗಸ್ರಿ. ನಮ್ಮಣ್ಣನ ಜೋಡಿ ಆ ಜೋಯಿಸರು, ದಳವಾಯಿ ಇಬ್ಬರೂ ಬರಲಿ."

ದೊರೆ ಒಪ್ಪಿದ, ಅದರ ಮೇಲೆ ಎರಡು ಎತ್ತು ಉಳುವಷ್ಟು ಹೊಲವನ್ನೂ ಬರೆಸಿಕೊಟ್ಟ. ಆಳುಗಳು ಗಾದಿಯನ್ನು ಹೊಸ್ತಿಲು ದಾಟಿಸಿ ಅಂಗಳದಲ್ಲಿ ಹಾಸಿದರು.

ಮೌಲಾಸಾಬ ಹೊರಗೆ ಬಂದಾಗ ನಡುಮಧ್ಯಾಹ್ನ. ತಮ್ಮ ಓಡಿಹೋಗಿ ತಬ್ಬಿಕೊಂಡು ಗಳಗಳನೆ ಅತ್ತ. ಅಣ್ಣನ ಕಣ್ಣು ಗಾದಿಯ ಮೇಲೆ ಬಿತ್ತು.

"ಎಷ್ಟೊತ್ತಾತೋ ಒಂದ ಮಗ್ಗಲು ಹಾಕಿ? ಮಗುಚೋರು ಯಾರೂ ಇಲ್ಲೇನು?"

ದೊರೆ ಮೆಟ್ಟಿಲಿಳಿದು ಬಂದು, ಅಂಗಿಯ ತೋಳು ಮೇಲೇರಿಸಿ ಗಾದಿಯ ಒಂದು ಅಂಚು ಹಿಡಿದ. "ತಪ್ಪಾಯ್ತು, ಮೌಲಾಸಾಬ. ನೀನು ಆ ಕಡೆ ಹಿಡಿ," ಎಂದ.