ಮಲಕಾಜಿ ಹಂಗೇರಿ ವೈನು ಕಾಯ್ದದ್ದು

ಈ ಕತೆ ನನಗೆ ಮೊದಲು ಹೇಳಿದವಳು ಶಕುಂತಲಾ ಬಿರಾದಾರ, ವಿಜಾಪುರದ ಲೇಡೀಸ್ ಹಾಸ್ಟೆಲಿನಲ್ಲಿ ನನ್ನ ರೂಮಿನವಳು. ವೈನನ್ನು ಅವಳು ನೋಡಿದ್ದು ಸಿನಿಮಾದಲ್ಲಷ್ಟೇ. ಆದರೂ ಹಂಗೇರಿಯ ಬಿಳಿ ವೈನಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವಳು ಹೇಳಿದ್ದೇ. ಎಷ್ಟು ಖರೆ, ಎಷ್ಟು ಅವಳದು ಎಂದು ನಾನು ಕೇಳಲಿಲ್ಲ. ನೀವೂ ಕೇಳಬೇಡಿ.

ತಿಕೋಟಾದ ಆಚೆ, ದ್ರಾಕ್ಷಿ ತೋಟಗಳ ನಡುವೆ ಒಂದು ಊರು. ಊರಲ್ಲಿ ಕಾಶಿಬಾಯಿ. ಕಾಶಿಬಾಯಿಗೆ ಒಬ್ಬನೇ ಮಗ, ಮಲಕಾಜಿ. ಆಳು ಕಟ್ಟುಮಸ್ತು, ಮಾತು ಮೆತ್ತಗೆ, ಹೇಳಿದ ಕೆಲಸಕ್ಕೆ ಒಲ್ಲೆ ಅನ್ನುವವನಲ್ಲ. ಅದೇ ತೊಂದರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಹೀಗಾಗಿ ಯಾವ ಕೆಲಸದಲ್ಲೂ ಒಂದು ವಾರ ನಿಂತವನಲ್ಲ. ಕಾಶಿಬಾಯಿಯ ಅಣ್ಣ ತನ್ನ ಮಗಳು ಸುಗಲಾಳನ್ನು ಕೊಡಲು ತಯಾರಿದ್ದ. ಷರತ್ತು ಒಂದೇ, ಅಳಿಯ ಒಂದು ಕಡೆ ಗಟ್ಟಿ ನಿಲ್ಲಬೇಕು.

ಅದೇ ಹೊತ್ತಿಗೆ ಊರ ದೇಸಾಯಿ ಸಾವಕಾರರು ಹಂಗೇರಿ ದೇಶದಲ್ಲಿ ವೈನು ಮಾಡುವುದನ್ನು ಕಲಿತು ಬಂದರು. ಬರುವಾಗ ಪೆಟ್ಟಿಗೆಗಟ್ಟಲೆ ಅಲ್ಲಿಯ ಬಿಳಿ ವೈನು ತಂದರು. ಸಿಹಿ ಇಲ್ಲದ್ದು. ನಾಲಿಗೆ ಇದ್ದವರನ್ನೆಲ್ಲ ಕರೆದು ಅದರ ರುಚಿ ಕಲಿಸಿಯೇ ಸೈ ಎಂದು ತೋಟದಲ್ಲಿ ಒಂದು ದೊಡ್ಡ ಹಾಲ್ ಕಟ್ಟಿಸಿದರು, ಪಕ್ಕಕ್ಕೆ ಒಂದು ತಣ್ಣನೆಯ ಕೋಣೆ. ಸುರಿದು ಕೊಡಲು ಆಳು ಬೇಕಿತ್ತು. ಕಾಶಿಬಾಯಿ ಹೋಗಿ ಮಗನನ್ನು ಸೇರಿಸಿ ಬಂದಳು. ಈ ಕೆಲಸ ಇವನನ್ನು ಬಿಟ್ಟರೂ ಇವನು ಇದನ್ನು ಬಿಡಬಾರದು ಎಂದು ಅವತ್ತೇ ಸೆರಗು ಬಿಗಿದಳು.

ಮೊದಲ ದಿನ ತಾಯಿ ಹೇಳಿ ಕಳಿಸಿದಳು, "ತಮ್ಮಾ, ಬಂದ ಮಂದಿಗೆ ಕೈ ಬಿಗಿ ಹಿಡೀಬ್ಯಾಡ. ಅರ್ಧ ವಾಟಗಾ ಕೊಟ್ಟರ ಮನಿ ಮರ್ಯಾದಿ ಹೋಗ್ತದ."

ಆಗಲಿ ಯವ್ವಾ ಎಂದು ಹೋದ. ವೈನಿನ ಗ್ಲಾಸು ಎಂದರೆ ಹೊಟ್ಟೆ ದೊಡ್ಡದು. ಮಲಕಾಜಿ ಆ ಹೊಟ್ಟೆಯನ್ನೆಲ್ಲ ತುಂಬಿ ಕಂಠದ ತನಕ ತಂದ. ಬಂದವರು ಗ್ಲಾಸು ತಿರುಗಿಸಲು ಹೋದರು, ವೈನು ಅಂಗಿಗೆ. ಮೂಗು ಒಡ್ಡಲು ಹೋದರು, ಮೂಗು ವೈನಿಗೆ. ಪೆಟ್ಟಿಗೆ ಅರ್ಧ ಖಾಲಿ. ಸಾವಕಾರರು ತಲೆ ಮೇಲೆ ಕೈ ಹೊತ್ತು ಹೇಳಿದರು, ಇದು ಮಜ್ಜಿಗೆ ಅಲ್ಲ, ತಳಕ್ಕಷ್ಟೇ ಹಾಕಬೇಕು, ಮೊದಲು ತಿರುಗಿಸಿ ವಾಸನೆ ನೋಡಬೇಕು, ಆಮೇಲೆ ಒಂದು ಗುಟುಕು ಬಾಯಲ್ಲಿ ಆಡಿಸಬೇಕು.

ಮನೆಯಲ್ಲಿ ಕಾಶಿಬಾಯಿ ಇನ್ನೊಂದು ಸುತ್ತು ಬೈದಳು. "ತಳಕ್ಕ ಅಂದ್ರ ತಳಕ್ಕ. ಮೊದಲ ವಾಸನಿ, ಆಮ್ಯಾಲ ಬಾಯಿ. ನೆಪ್ಪಿಟ್ಕೋ." ನೆನಪಿಟ್ಟುಕೊಂಡ.

ಮರುದಿನ ಬಂದವರಿಗೆ ಮಧ್ಯಾಹ್ನದ ಊಟವೂ ಇತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹಂಗೇರಿಯ ವೈನಿನ ಹುಳಿ ನಮ್ಮ ಖಾರದ ಜೊತೆ ಹೇಗೆ ಕುಸ್ತಿ ಆಡುತ್ತದೆ ನೋಡಲಿ ಎಂಬುದು ಸಾವಕಾರರ ಆಸೆ. ಮಲಕಾಜಿ ಬಡಿಸಿದ. ಪ್ರತಿ ತಾಟಿನ ತಳಕ್ಕೆ ಉಗುರಿನಷ್ಟು ರೊಟ್ಟಿ, ಸಾಸಿವೆಯಷ್ಟು ಚಟ್ನಿ. ತಾಟನ್ನು ಎರಡು ಸುತ್ತು ತಿರುಗಿಸಿ ಒಬ್ಬೊಬ್ಬರ ಮೂಗಿಗೆ ಹಿಡಿದ. ಹುಬ್ಬಳ್ಳಿಯಿಂದ ಹಸಿದು ಬಂದಿದ್ದ ಒಬ್ಬ ಹೆಂಗಸು ಇನ್ನೊಂದು ರೊಟ್ಟಿ ಹಾಕಪ್ಪಾ ಎಂದರೆ, ಮೊದಲಿನದರ ವಾಸನೆ ಇನ್ನೂ ಪೂರಾ ನೋಡಿಲ್ಲ ನೀವು ಎಂದ. ಎಲ್ಲರೂ ಹಸಿದ ಹೊಟ್ಟೆಯಲ್ಲಿ ಕಾರು ಹತ್ತಿದರು.

"ಉಣ್ಣಾಕ ಕುಂತವರಿಗೆ ಯಾರರ ಹಂಗ ಮಾಡ್ತಾರೇನೋ?" ಎಂದಳು ಕಾಶಿಬಾಯಿ. "ಸಾಕು ಅಂದ್ರೂ ಹಾಕಬೇಕು. ಕೈ ಅಡ್ಡ ಹಿಡದ್ರೂ ಸಂದ್ಯಾಗ ಹಾಕಬೇಕು. ಬಾಯಿಗೆ ರುಚಿ ಹತ್ತಲಿಲ್ಲ ಅಂದ್ರ ಏನು ಕಡಿಮಿ ಆಗೇತಿ ನೋಡಿ ಅದನ್ನ ಹಾಕಬೇಕು." ಅದನ್ನೂ ನೆನಪಿಟ್ಟುಕೊಂಡ.

ಮೂರನೆಯ ಸಲ ಬಂದವರು ದೊಡ್ಡ ಹೋಟೆಲಿನವರು, ರುಚಿ ನೋಡುವುದೇ ಅವರ ಉದ್ಯೋಗ. ಅಂಥವರು ಹತ್ತು ಬಗೆ ವೈನು ನೋಡುವಾಗ ತಲೆಗೆ ಏರಬಾರದೆಂದು ನುಂಗುವುದಿಲ್ಲ. ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳುತ್ತಾರೆ. ಮಲಕಾಜಿ ನೋಡಿದ. ಒಬ್ಬರು ಉಗುಳಿದರು. ಇನ್ನೊಬ್ಬರು ಉಗುಳಿದರು. ಅಯ್ಯೋ ಪಾಪ, ರುಚಿ ಹತ್ತಲಿಲ್ಲ ಎಂದುಕೊಂಡ. ಏನು ಕಡಿಮೆಯಾಗಿದೆ ಎಂದು ಯೋಚಿಸುತ್ತ ನಿಂತಿರುವಾಗಲೇ ಸಾವಕಾರರು ಎದೆಯುಬ್ಬಿಸಿ ಹೇಳುತ್ತಿದ್ದರು, ಈ ಫುರ್ಮಿಂಟ್ ದ್ರಾಕ್ಷಿಯ ವೈನಿನಲ್ಲಿ ಸಕ್ಕರೆ ಅನ್ನುವುದು ನಾಲಿಗೆಗೆ ಸಿಕ್ಕುವುದೇ ಇಲ್ಲ.

ಇಷ್ಟು ದೊಡ್ಡ ಮನುಷ್ಯ ತನ್ನ ಮನೆಯ ಬಡತನವನ್ನು ಮಂದಿಯೆದುರು ಹೀಗೆ ಬಿಚ್ಚಿ ಹೇಳಬೇಕೆ? ಮಲಕಾಜಿ ಅಡಿಗೆಮನೆಗೆ ಓಡಿ ಬೆಲ್ಲದ ಹೆಂಟೆ ತಂದು, ಕುಟ್ಟಿ, ಒಬ್ಬೊಬ್ಬರ ಗ್ಲಾಸಿಗೂ ಹಾಕಿದ. ಅವರು ಗ್ಲಾಸಿನ ಮೇಲೆ ಕೈ ಅಡ್ಡ ಹಿಡಿದರು. ಬೆರಳ ಸಂದಿಯಲ್ಲಿ ಹಾಕಿದ. ಸಾಕು ಸಾಕು ಅಂದರು. ಇನ್ನಷ್ಟು ಹಾಕಿದ.

ಅವತ್ತು ಸಾವಕಾರರು ಕಾಶಿಬಾಯಿಯನ್ನೇ ಕರೆಸಿದರು. "ನೋಡವ್ವಾ, ಈ ವೈನಿನ್ಯಾಗ ಬೆಲ್ಲ ಹುಡುಕಬಾರದು. ಇದರ ದ್ರಾಕ್ಷಿ ಬೆಳಿಯೋದು ಬೆಂಕಿ ಉಗುಳಿ ಆರಿದ ಗುಡ್ಡದಾಗ, ಕರಿ ಕಲ್ಲಿನ ಮ್ಯಾಲ. ಇದರಾಗ ಇರೋದು ಕಲ್ಲು. ಮ್ಯಾಲ ಒಂಚೂರು ಉಪ್ಪು. ಅದ ಇದರ ಗಮ್ಮತ್ತು."

ದಾರಿಯುದ್ದಕ್ಕೂ ಕಾಶಿಬಾಯಿ ಮಗನಿಗೆ ಒಂದೇ ಮಾತು ಕುಟ್ಟಿದಳು, ಇನ್ನು ಮೇಲೆ ಅದರೊಳಗೆ ಏನೂ ಹಾಕಬೇಡ, ಏನೂ ಹಾಕಬೇಡ.

ಏನೂ ಹಾಕಲಿಲ್ಲ. ಆದರೆ ಕಲ್ಲು ಇದೆ ಎಂದು ಸಾವಕಾರರೇ ಹೇಳಿದ್ದರಲ್ಲ. ಜೋಳ ಇರಲಿ, ಅಕ್ಕಿ ಇರಲಿ, ಕಲ್ಲು ಆರಿಸದೆ ಅವನ ತಾಯಿ ಎಂದೂ ಒಲೆಗೆ ಏರಿಸಿದವಳಲ್ಲ. ಬಂದವರ ಹಲ್ಲು ಮುರಿದರೆ ಯಾರು ಹೊಣೆ? ಮಲಕಾಜಿ ಬೆಳಿಗ್ಗೆಯೇ ಬಾಟಲಿಗಳನ್ನೆಲ್ಲ ಬಿಚ್ಚಿ ಒಂದು ಬಟ್ಟೆಯಲ್ಲಿ ಸೋಸಿದ. ಅದು ಅಡಿಗೆಯವಳು ಮಸಾಲೆ ಖಾರ ಕಟ್ಟಿಡುತ್ತಿದ್ದ ಬಟ್ಟೆ. ವೈನು ಕುಂಕುಮದ ನೀರಾಯಿತು. ಮೊದಲ ಗುಟುಕಿಗೇ ಬಂದವರ ಕಣ್ಣಲ್ಲಿ ನೀರು. ಮಲಕಾಜಿ ಮಾತ್ರ ಹೆಮ್ಮೆಯಿಂದ, ಒಂದು ಕಲ್ಲೂ ಸಿಕ್ಕಲಿಲ್ಲ ಸಾವಕಾರ್ರ, ಯಾರೋ ನಿಮಗ ಸುಳ್ಳು ಹೇಳ್ಯಾರ ಅಂದ.

ಕಾಶಿಬಾಯಿ ಹಣೆ ಚಚ್ಚಿಕೊಂಡಳು. ಹಾಕಬೇಡ ಅಂದಿದ್ದಿ, ತೆಗೀಬೇಡ ಅಂದಿರಲಿಲ್ಲ ಎಂದ ಮಗ. ಅದು ಖರೆ. ಅವಳು ಬೇರೆ ಹೆಂಗಸಾಗಿದ್ದರೆ ಕೈಬಿಡುತ್ತಿದ್ದಳು. ಇವಳು ಸಾವಕಾರರ ಕಾಲಿಗೆ ಬಿದ್ದು ಇನ್ನೊಂದು ಅವಕಾಶ ಕೇಳಿದಳು. ಕೊನೆಯದು ಎಂದರು ಅವರು. ಹಂಗೇರಿಯಿಂದ ಅವರ ಗುರು ಇಲೋನಾಬಾಯಿ ಬರುವವಳಿದ್ದಳು. ಅಂದು ಸರಿಹೋದರೆ ಕೆಲಸ ಕಾಯಂ, ಇಲ್ಲವಾದರೆ ಇಲ್ಲ.

"ಹಾಕಲೂ ಬ್ಯಾಡ, ತಗೀಲೂ ಬ್ಯಾಡ," ಎಂದಳು ಕಾಶಿಬಾಯಿ. "ಕೂಡು ಅಂದಲ್ಲಿ ಕೂಡು. ಕಾಯಿ ಅಂದದ್ದನ್ನ ಕಾಯಿ. ಅದರ ಹೊತ್ತು ಬರೋ ತನಕ ಯಾರು ಬಂದ್ರೂ ಏಳಬ್ಯಾಡ."

ಇಲೋನಾಬಾಯಿ ಬಂದಳು. ತನ್ನ ಸ್ವಂತ ತೋಟದ ವೈನು, ಒಂದೇ ಬಾಟಲಿ, ಎದೆಗೆ ಅವಚಿಕೊಂಡು ತಂದಿದ್ದಳು. ಸಾವಕಾರರು ಅದನ್ನು ತಣ್ಣನೆಯ ಕೋಣೆಯಲ್ಲಿಟ್ಟು, ಮಲಕಾಜಿ, ಇದನ್ನು ಕಾಯಿ ಎಂದರು. ಇಲೋನಾಬಾಯಿ ಏನೋ ಹೇಳಿದಳು. ಸಾವಕಾರರು ಬಂದವರಿಗೆ ಕನ್ನಡದಲ್ಲಿ ತಿಳಿಸಿದರು, ಇದು ಈಗಲೂ ಚೆನ್ನ, ಆದರೆ ಇದರ ನಿಜವಾದ ಹೊತ್ತು ಬರುವುದು ಹತ್ತು ವರ್ಷ ಕಾದ ಮೇಲೆ. ಹೊರಗೆ ಎಲ್ಲರೂ ಖಾಲಿ ಗ್ಲಾಸು ಹಿಡಿದು ಕೂತರು. ಬಾಟಲಿ ತಾ ಎಂದು ಕರೆದರು.

ಮಲಕಾಜಿ ಏಳಲಿಲ್ಲ.

ಸಾವಕಾರರು ಬಂದರು. ಹತ್ತು ವರ್ಷ ಆಗಲಿ ರೀ, ಅಲ್ಲಿ ತನಕ ಮಂದಿಗೆ ಜಮಖಾನಾ ಹಾಸಿ ಕೊಡ್ರಿ ಎಂದ. ಗದರಿದರು, ಏಳಲಿಲ್ಲ. ಎಳೆದರು, ಬಾಟಲಿಯನ್ನು ಬಗಲಲ್ಲಿ ಹಿಡಿದು ಕಲ್ಲಾಗಿ ಕೂತ. ಕಾಶಿಬಾಯಿಯನ್ನು ಕರೆತಂದರು. ಏಳು ಮಗನ ಎಂದಳು.

"ಯಾರು ಬಂದ್ರೂ ಏಳಬ್ಯಾಡ ಅಂದಿದ್ದಿ, ಯವ್ವಾ. ನೀನೂ ಬಂದವಳ."

ಸಾವಕಾರರ ಮುಖ ಕೆಂಪಾಯಿತು. ಇಲೋನಾಬಾಯಿ ಏನಾಯಿತೆಂದು ಕೇಳಿ ತಿಳಿದು, ನೆಲದ ಮೇಲೇ ಕೂತು ನಕ್ಕಳು. ಒಳ್ಳೆಯ ವೈನಿನ ದೊಡ್ಡ ಶತ್ರು ಅವಸರ, ನಮ್ಮ ಗುಡ್ಡದಲ್ಲಿ ಇಂಥ ಕಾವಲುಗಾರ ಇಲ್ಲ, ಇವನನ್ನು ಬಿಡಬೇಡಿ ಎಂದಳು. ಗುರುವಿನ ಮಾತು ಮೀರುವಂತಿರಲಿಲ್ಲ. ಮಲಕಾಜಿಗೆ ಕೆಲಸ ಕಾಯಂ ಆಯಿತು. ಊಟ ಅಲ್ಲೇ, ನಿದ್ದೆ ಅಲ್ಲೇ. ಉಳಿದದ್ದನ್ನು ಕೇಳಬೇಡ ಎನ್ನುತ್ತಿದ್ದಳು ಶಕುಂತಲಾ.

ಅಳಿಯ ಒಂದು ಕಡೆ ಗಟ್ಟಿ ಕೂತನಲ್ಲ, ಕಾಶಿಬಾಯಿಯ ಅಣ್ಣನಿಗೆ ಇನ್ನು ನೆವವಿರಲಿಲ್ಲ. ಮದುವೆ ಗೊತ್ತಾಯಿತು. ಮದುಮಗ ಏಳುವುದಿಲ್ಲವಾದ್ದರಿಂದ ಮದುವೆಯೇ ಆ ತಣ್ಣನೆಯ ಕೋಣೆಗೆ ಹೋಯಿತು. ಹೊರಗೆ ವೈಶಾಖದ ಉರಿ, ಒಳಗೆ ಬೀಗರೆಲ್ಲ ಕಂಬಳಿ ಹೊದ್ದು ಗಡಗಡ. ಸುಗಲಾ ಬಂದು ಮಲಕಾಜಿಯ ಎಡಕ್ಕೆ ಕೂತಳು. ಬಲ ಬಗಲಲ್ಲಿ ಬಾಟಲಿ ಇದ್ದೇ ಇತ್ತು.

ತಾಳಿಯನ್ನು ಮಗನ ಕೈಗೆ ಕೊಡುವಾಗ ಕಾಶಿಬಾಯಿ ಹತ್ತಿರ ಬಾಗಿದಳು. ಈ ಸಲ ಎಲ್ಲೂ ತಪ್ಪದಂತೆ ಹೇಳಬೇಕೆಂದು ಅವನ ಕಿವಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದಳು.

"ತಮ್ಮಾ, ಇದಕ್ಕ ಕಾಯಬ್ಯಾಡ. ಅಯ್ಯನವರು ಕಟ್ಟು ಅಂದ ಕೂಡಲೆ, ಜಲ್ಮ ಪೂರ್ತಿ ಯಾರ ಕೈ ಬಿಡಂಗಿಲ್ಲ ಅಂತ ಮಾಡಿಯೋ, ಅವರ ಕೊರಳಿಗೆ ಕಟ್ಟಿಬಿಡು."

ಅಯ್ಯನವರು ಕಟ್ಟು ಎಂದರು. ವಾದ್ಯ ಮೊಳಗಿತು, ಅಕ್ಕಿಕಾಳು ಬಿತ್ತು. ಮಲಕಾಜಿ ಒಂದು ಕ್ಷಣವೂ ತಡ ಮಾಡದೆ, ಬಲಕ್ಕೆ ಬಾಗಿ, ಹಂಗೇರಿಯ ಬಾಟಲಿಯ ಕೊರಳಿಗೆ ಮೂರು ಗಂಟು ಬಿಗಿದ.

ವಾದ್ಯ ನಿಂತಿತು. ಸುಗಲಾ ಬಾಟಲಿಯನ್ನು ಒಮ್ಮೆ ನೋಡಿದಳು, ಮದುಮಗನನ್ನು ಒಮ್ಮೆ ನೋಡಿದಳು.

"ಮಾವಾ," ಎಂದಳು, "ಅದರ ಬಾಯಿ ತೆರಿಯೋದು ಹತ್ತ ವರ್ಷಕ್ಕ. ನನಗ ಬಾಯಿ ಈಗಲೇ ಐತಿ. ಬಿಚ್ಚತಿಯೋ, ತೆರೀಲೋ?"

ಇಷ್ಟನ್ನು ಹೇಳಿ ಶಕುಂತಲಾ ದೀಪ ಆರಿಸಿ ಮಲಗಿಬಿಡುತ್ತಿದ್ದಳು. ನನ್ನ ಪಾಲಿನದನ್ನು ನಾನು ಹೇಳಿದೆ. ಉಂಡು ಸುಮ್ಮನೆ ಕೂತವರು ಯಾರಾದರೂ ಕಣ್ಣಿಗೆ ಬಿದ್ದರೆ ಇನ್ನು ನೀವು ಅವರಿಗೆ ಹೇಳಿ.