ಬಾಗಿಲು ಹಾಕಿದವನು

"ಅಜ್ಜಾರ, ನಮ್ಮವರ ಮನಿಗೆ ಬೆಂಕಿ ಬಿದ್ದಾಗ ನಿಂತು ವಿಚಾರ ಮಾಡೂದು ಧರ್ಮ ಏನ್ರಿ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಅವರ ಶಿಷ್ಯ ಶಂಭುಲಿಂಗ. ಬೆಂಕಿ ಎಂದು ಅವನು ಹೇಳಿದ್ದು ಮಾತಿಗೆ. ಅವನ ತಂಗಿ ನಿಂಬೆವ್ವನನ್ನು ಗಂಡನ ಮನೆಯವರು ಒಂದು ತಿಂಗಳಿಂದ ಗೋಳು ಹುಯ್ದುಕೊಳ್ಳುತ್ತಿದ್ದರು. "ಅಣ್ಣಾ, ನನಗ ಇಲ್ಲಿ ಇರಾಕ ಆಗವಲ್ದು" ಎಂದು ಅವಳು ಹೇಳಿಕಳಿಸಿದ್ದಳು. ಶಂಭುಲಿಂಗ ಆಗಲೇ ತನ್ನ ಓಣಿಯ ಆರು ಜನ ಗಟ್ಟಿಗರನ್ನು ಗೊತ್ತು ಮಾಡಿದ್ದ. ನಾಳೆ ಬೀಗರ ಮನೆಯ ಮುಂದೆ ನಿಂತು, ಬೀದಿಗೆ ಬೀದಿಯೇ ಕೇಳುವಂತೆ ಅವರ ಮಾನ ಕಳೆದು ಬರುವುದು ಅವನ ಲೆಕ್ಕಾಚಾರ. ಆಮೇಲೆ ತಂಗಿ ಎಲ್ಲಿರಬೇಕು, ಆ ಮನೆಯಿಂದ ಅವಳು ಹೊರಗೆ ಬರುವುದು ಹೇಗೆ, ಅದನ್ನು ಅವನು ಯೋಚಿಸಿರಲಿಲ್ಲ. ಸಿಟ್ಟು ಅಷ್ಟು ದೂರ ಯೋಚಿಸಲು ಬಿಟ್ಟಿರಲಿಲ್ಲ.

ಗುರುಗಳು ಅವನ ಮುಖ ನೋಡಿದರು. "ಕೂತುಕೋ. ಬೆಂಕಿಯ ಮಾತು ತೆಗೆದೆಯಲ್ಲ, ಬೆಂಕಿಯದೇ ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನ ಪೇಟೆಯಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಕೆಳಗೆ ಅಂಗಡಿ, ಅಂಗಡಿಯ ಹಿಂದೆ ಸರಕಿನ ಕೋಣೆ, ಮೇಲೆ ಮನೆ. ಆ ಪೇಟೆಯವರದು ಒಂದು ಪದ್ಧತಿ. ಹಗಲು ಹೊತ್ತು ಮುಂಬಾಗಿಲು ಹಾಕುವಂತಿಲ್ಲ. ಊಟಕ್ಕೆ ಹೋಗುವವನು ಬಾಗಿಲಿಗೆ ಅಡ್ಡ ಒಂದು ಕೋಲಿಟ್ಟು ಹೋಗುತ್ತಿದ್ದ, ಕದ ಮುಟ್ಟುತ್ತಿರಲಿಲ್ಲ. ಹಗಲಲ್ಲಿ ಕದ ಹಾಕಿದ್ದರೆ ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದು ಅರ್ಥ. ಹಿಂಬಾಗಿಲಿಗೆ ಈ ನಿಯಮ ಇರಲಿಲ್ಲ, ಅದಕ್ಕೆ ಸದಾ ಒಳಗಿನಿಂದ ಚಿಲಕ. ಲಕ್ಷ್ಮಿ ಬರುವುದು ಮುಂದಿನಿಂದ, ಕಳ್ಳ ಬರುವುದು ಹಿಂದಿನಿಂದ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮನೆಯೊಳಗೂ ಅದೇ ಕಟ್ಟು. ಸೊಸೆಯಾದವಳು ಹಗಲು ತನ್ನ ಕೋಣೆಯ ಬಾಗಿಲು ಹಾಕಿಕೊಂಡರೆ ಓಣಿಯ ಅತ್ತೆಯರಿಗೆಲ್ಲ ಎಂಟು ದಿನಕ್ಕೆ ಸಾಕಾಗುವಷ್ಟು ಮಾತು ಸಿಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಸರಕಿನ ಕೋಣೆಯಲ್ಲಿ ವಯರಿನಿಂದ ಕಿಡಿ ಹಾರಿ ಬಟ್ಟೆಯ ಗಂಟಿಗೆ ಹತ್ತಿತು. ವ್ಯಾಪಾರಿ ಹೊಗೆ ಕಂಡವನೇ ಬೀದಿಗೆ ಓಡಿ ಬಂದ. ಕೆಲಸದವರೂ ಬಂದರು. ಬಾಗಿಲು ಹಾರುಹೊಡೆದೇ ಇತ್ತು. ಯಾರು ಬಂದರು, ಯಾರು ಇಲ್ಲ ಎಂದು ನೋಡಿದಾಗ ಸೊಸೆ ಇರಲಿಲ್ಲ. ಅವಳು ಮೇಲಿನ ಕೋಣೆಯಲ್ಲಿ ಐದು ತಿಂಗಳ ಕೂಸನ್ನು ಮಲಗಿಸಲು ಹೋಗಿದ್ದಳು. ಅವಳ ಗಂಡ, ಅಂದರೆ ವ್ಯಾಪಾರಿಯ ಮಗ, ಎರಡು ಸಲ ಮೆಟ್ಟಿಲ ತನಕ ಹೋಗಿ ಹೊಗೆ ತಾಳಲಾರದೆ ಕೆಮ್ಮುತ್ತ ಹಿಂದಕ್ಕೆ ಬಂದ.

ಅಷ್ಟರಲ್ಲಿ ಬೆಂಕಿ ಆರಿಸುವ ದಳದ ಗಾಡಿ ಬಂತು. ಅದರಲ್ಲಿ ಒಬ್ಬ ನಾಯಕ, ಅವನ ಜೊತೆ ಮೂವರು. ಈ ನಾಯಕನಿಗೆ ಊರವರು ಪುರುಸೊತ್ತಪ್ಪ ಎಂದು ಹೆಸರಿಟ್ಟಿದ್ದರು. ಗಂಟೆ ಬಾರಿಸಿಕೊಂಡು ಎಲ್ಲರಿಗಿಂತ ಬೇಗ ಬರುತ್ತಿದ್ದ, ಬಂದವನು ನಿಂತು ನೋಡುತ್ತಿದ್ದ. ಜನಕ್ಕೆ ಬೇಕಾದದ್ದು ನುಗ್ಗುವವನು. ನೋಡುವವನನ್ನು ಯಾರು ಮೆಚ್ಚುತ್ತಾರೆ?

ಅವನು ಗಾಡಿಯಿಂದ ಇಳಿದ. ನೀರಿನ ಪೈಪನ್ನು ಮುಟ್ಟಲಿಲ್ಲ. ಮನೆಯ ಎಡಕ್ಕೆ ಹೋಗಿ, ಹಿತ್ತಲು ಹಾದು, ಬಲಕ್ಕೆ ಬಂದು ಒಂದು ಸುತ್ತು ಹಾಕಿದ.

"ಮನಿ ಉರಿಯಾಕತ್ತೈತಿ, ಈ ಮಾರಾಯ ಪ್ರದಕ್ಷಿಣಿ ಹಾಕಾಕತ್ತಾನ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು.

ಅವನು ಸುತ್ತಿದ್ದು ಪುಣ್ಯ ಗಳಿಸಲು ಅಲ್ಲ. ಬೆಂಕಿ ಹಿಂದಿನ ಸರಕಿನ ಕೋಣೆಯಲ್ಲಿದೆ ಎಂದು ನೋಡಿಕೊಂಡ. ಗಾಳಿ ಹಿತ್ತಲ ಕಡೆಯಿಂದ ಬೀಸುತ್ತಿದೆ ಎಂದು ಕಂಡುಕೊಂಡ. ಹಿಂಬಾಗಿಲಿಗೆ ಅಂಗೈ ತಿರುಗಿಸಿ ಹಿಂಗೈ ತಾಗಿಸಿದ. ಸುಡುತ್ತಿತ್ತು. ಅದರ ಅಡಿಯ ಸಂದಿನಲ್ಲಿ ಗಾಳಿ ಸುಯ್ಯೆಂದು ಒಳಗೆ ಹೋಗುತ್ತಿತ್ತು. "ಈ ಬಾಗಲಾ ಯಾರೂ ಮುಟ್ಟಬ್ಯಾಡ್ರಿ" ಎಂದು ಅಲ್ಲಿದ್ದವರಿಗೆ ಗಟ್ಟಿಯಾಗಿ ಹೇಳಿ ಮುಂದಕ್ಕೆ ಬಂದ. ವ್ಯಾಪಾರಿಯ ಮಗನೂ ಅಲ್ಲೇ ಇದ್ದ. ಕೇಳಿಸಿಕೊಂಡ.

"ಒಳಗ ಎಷ್ಟು ಮಂದಿ? ಯಾವ ಖೋಲಿ?" ಎಂದು ನಾಯಕ ವ್ಯಾಪಾರಿಯನ್ನು ಕೇಳಿದ.

ವ್ಯಾಪಾರಿ "ನನ್ನ ಸೊಸಿ! ನನ್ನ ಮೊಮ್ಮಗ!" ಎಂದು ಎದೆ ಬಡಿದುಕೊಂಡನೇ ಹೊರತು ಕೋಣೆ ಯಾವುದೆಂದು ಹೇಳಲಿಲ್ಲ. ಎದುರು ಅಂಗಡಿಯ ಬಳೆಗಾರ್ತಿ ಬೆರಳು ಮಾಡಿ ತೋರಿಸಿದಳು. "ಅಗೋ ಆ ಕಿಟಕಿರಿ. ಈ ಹೊತ್ತಿನಾಗ ಅಲ್ಲೇ ಕೂಸಿನ್ನ ಮಲಗಸ್ತಾಳ."

ನಾಯಕ ನೇರ ಅಂಗಡಿಗೆ ನಡೆದ. ಹಾರುಹೊಡೆದಿದ್ದ ಎರಡೂ ಕದಗಳನ್ನು ಎಳೆದು ಮುಚ್ಚಿದ.

ಮರುಗಳಿಗೆ ವ್ಯಾಪಾರಿ ಅವನ ಕೊರಳಪಟ್ಟಿ ಹಿಡಿದ. "ಒಳಗ ಎರಡು ಜೀವ ಅದಾವು, ಹಗಲಾಗ ಬಾಗಲಾ ಹಾಕ್ತೀಯಾ? ನನ್ನ ಮನಿಯಾಗ ಇನ್ನೂ ಯಾರೂ ಸತ್ತಿಲ್ಲೋ!"

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂದು ಒಬ್ಬ ಮುದುಕ ಗೊಣಗಿದ. ಗಾದೆ ಹೇಳಲು ಯಾವ ಊರಿನಲ್ಲೂ ಒಬ್ಬ ಮುದುಕ ಸಿಕ್ಕೇ ಸಿಗುತ್ತಾನೆ.

"ಬೆಂಕಿಗೆ ಊಟ ಅಂದ್ರ ಗಾಳಿ, ಸಾವ್ಕಾರ್ರ. ಬಾಗಲಾ ತಗದು ನೀವ ಅದಕ್ಕ ಉಣ್ಣಾಕ ಹಾಕಾಕತ್ತೀರಿ" ಎಂದು ನಾಯಕ ಅವನ ಕೈ ಬಿಡಿಸಿದ. ತನ್ನ ಇಬ್ಬರನ್ನು ನೀರು ತುಂಬಿದ ಪೈಪಿನ ಜೊತೆ ಆ ಬಾಗಿಲಿನ ಮುಂದೆ ಕೂರಿಸಿದ. ನಾನು ಹೇಳುವ ತನಕ ತೆರೆಯಬೇಡಿ, ತೆರೆದಾಗ ಮೊದಲು ನೀರು ಒಳಗೆ ಹೋಗಲಿ, ಆಮೇಲೆ ನೀವು, ಎಂದ. ಮೂರನೆಯವನ ಜೊತೆ ತಾನು ಏಣಿ ಹೊತ್ತ.

ಏಣಿ ಕಿಟಕಿಗೆ ಮುಟ್ಟಿತು. ನಾಯಕ ಹತ್ತಿ, ಕಿಟಕಿಯ ಮರದ ಸರಳುಗಳನ್ನು ಕೊಡಲಿಯಿಂದ ಮುರಿದ. ಹೊಗೆ ಮುಖಕ್ಕೆ ನುಗ್ಗಿತು. ಒಳಗಿನಿಂದ ಒಂದು ಕೆಮ್ಮು ಕೇಳಿಸಿತು. ಕೆಳಗೆ ನಿಂತಿದ್ದ ಗಂಡನಿಗೂ ಅದು ಕೇಳಿಸಿತು. ಅದು ತನ್ನ ಹೆಂಡತಿಯ ಕೆಮ್ಮು ಎಂದು ಅವನಿಗೆ ಗೊತ್ತಾಯಿತು.

ನಾಯಕ ಒಳಗೆ ಇಳಿದು ಹೊಟ್ಟೆಯ ಮೇಲೆ ತೆವಳಿದ. ಹೊಗೆ ಮೇಲಿರುತ್ತದೆ, ಉಸಿರು ನೆಲದ ಹತ್ತಿರ ಉಳಿದಿರುತ್ತದೆ. ಮೂರು ಮಾರು ಹೋಗುವುದರಲ್ಲಿ ಅವನ ಕೈಗೆ ಸೀರೆ ಸಿಕ್ಕಿತು. ಅವಳು ಕೂಸನ್ನು ಎದೆಯ ಕೆಳಗೆ ಅವಚಿಕೊಂಡು ಬೋರಲು ಬಿದ್ದಿದ್ದಳು. ಆಚೆಗೆ, ಮೆಟ್ಟಿಲ ಕಡೆ, ಕೋಣೆಯ ಬಾಗಿಲು ತೆರೆದಿತ್ತು. ಒಳ್ಳೆಯ ಸೊಸೆ, ಹಗಲಲ್ಲಿ ಬಾಗಿಲು ಹಾಕಿಕೊಂಡವಳಲ್ಲ.

ಆಗ ನಾಯಕನಿಗೆ ಒಂದು ಮಾತು ಹೊಳೆಯಿತು. ಬಾಗಿಲು ಮೊದಲೇ ತೆರೆದಿತ್ತು. ಕಿಟಕಿಯನ್ನು ಈಗ ತಾನೇ ತೆರೆದಿದ್ದ. ಕೆಳಗಿನ ಬೆಂಕಿಗೆ ಮೇಲೆ ಬರಲು ದಾರಿ ಮಾಡಿಕೊಟ್ಟವನು ತಾನೇ.

ಹೆಂಗಸಿಗೆ ಅರೆ ಎಚ್ಚರವಿತ್ತು. ಅವಳ ಕೈ ಅವನ ಕಾಲನ್ನು ಹುಡುಕಿ ಹಿಡಿಯಿತು. ನಾಯಕ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವಳನ್ನೂ ಕೂಸನ್ನೂ ದಾಟಿ ಮುಂದೆ ಹೋದ.

"ದಾಟಿ ಹೋದನೇನ್ರಿ?" ಶಂಭುಲಿಂಗನಿಗೆ ತಡೆಯಲಾಗಲಿಲ್ಲ. "ಕೈ ಹಿಡದಾಕಿನ್ನ ಬಿಟ್ಟು?"

"ದಾಟಿ ಹೋದ" ಎಂದರು ಗುರುಗಳು.

ಎಷ್ಟೋ ಬೆಂಕಿ ಕಂಡವನು, ಆದರೆ ಹಿಡಿದ ಕೈಯನ್ನು ಬಿಡಿಸಿಕೊಳ್ಳುವಂಥ ಕೆಲಸ ಅವನಿಗೆ ಹಿಂದೆಂದೂ ಬಂದಿರಲಿಲ್ಲ. ಆದರೂ ತೆವಳಿದ. ಅವಳನ್ನು ಎತ್ತಿಕೊಂಡು ಕಿಟಕಿಗೆ ತಿರುಗಿದರೆ ಬೆಂಕಿ ಮೂವರನ್ನೂ ಬೆನ್ನಟ್ಟಿ ಹಿಡಿಯುತ್ತದೆ ಎಂಬುದರಲ್ಲಿ ಅವನಿಗೆ ಸಂಶಯ ಇರಲಿಲ್ಲ.

ಕೆಳಗೆ ಗಂಡನಿಗೆ ಎರಡನೆಯ ಕೆಮ್ಮು ಕೇಳಿಸಲಿಲ್ಲ. ನಾಯಕ ಕಿಟಕಿಯಲ್ಲಿ ಕಾಣಲಿಲ್ಲ. ಮುಂಬಾಗಿಲ ಮುಂದೆ ಇಬ್ಬರು ನೀರು ಹಿಡಿದುಕೊಂಡು ಸುಮ್ಮನೆ ಕೂತಿದ್ದರು. ಅವನ ತಾಳ್ಮೆ ಹರಿಯಿತು. ಯಾರದೋ ಹಾರೆ ಕಿತ್ತುಕೊಂಡು ಹಿತ್ತಲಿಗೆ ಓಡಿದ. ಅವನ ಪ್ರೀತಿಯಲ್ಲಿ ಕೊರತೆ ಹುಡುಕಬೇಡ. ಅಷ್ಟು ಜನ ಸೇರಿದ್ದ ಬೀದಿಯಲ್ಲಿ ಅವಳಿಗಾಗಿ ಸಾಯಲು ಸಿದ್ಧನಾಗಿದ್ದವನು ಅವನೊಬ್ಬನೇ. ಬೇಡ ಬೇಡ ಎಂದು ಹಿಡಿಯಲು ಹೋದವರನ್ನು ತಳ್ಳಿದ. ಮೂರು ಏಟಿಗೆ ಚಿಲಕ ಮುರಿದು ಹಿಂಬಾಗಿಲು ತೆರೆಯಿತು.

ಅವನಿಗಿಂತ ಮೊದಲು ಗಾಳಿ ಒಳಗೆ ಹೋಯಿತು.

ಹಸಿದು ಮೂಲೆಯಲ್ಲಿ ಮಲಗಿದ್ದ ಬೆಂಕಿ ಎದ್ದು ನಿಂತಿತು. ಒಂದು ನಾಲಗೆ ಹೊರಗೆ ಬಂದು ಅವನ ಹುಬ್ಬನ್ನೂ ಎರಡು ಅಂಗೈಗಳನ್ನೂ ಸುಟ್ಟು ಹಿತ್ತಲಿಗೆ ಕೆಡವಿತು. ಉಳಿದದ್ದೆಲ್ಲ ಮೆಟ್ಟಿಲು ಹಿಡಿಯಿತು. ಎರಡು ಸಲ ಹೋಗಿ ಅವನು ಹತ್ತಲಾರದೆ ಬಂದ ಮೆಟ್ಟಿಲನ್ನು ಅದು ಒಂದೇ ಉಸಿರಿಗೆ ಹತ್ತಿತು.

ಮೇಲೆ ನಾಯಕನ ಕೈ ಆಗಷ್ಟೇ ಬಾಗಿಲನ್ನು ಮುಟ್ಟಿತ್ತು. ಕದ ತಳ್ಳಿದ, ಅಗುಳಿ ಜಾರಿಸಿದ. ಅವನು ತಿರುಗುವುದಕ್ಕೂ ಬೆಂಕಿ ಆ ಕಡೆಯಿಂದ ಬಂದು ಬಾಗಿಲಿಗೆ ಗುದ್ದುವುದಕ್ಕೂ ಸರಿಹೋಯಿತು. ಬೆನ್ನಿಗೆ ಕಾವು ತಟ್ಟಿತು. ಬಾಗಿಲಿನ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಆದರೆ ಅದು ಹಳೆಯ ಕಾಲದ ಸಾಗವಾನಿ ಬಾಗಿಲು. ಅಲ್ಲಿಯವರೆಗೆ ಹಗಲಲ್ಲಿ ಒಂದು ದಿನವೂ ಅದಕ್ಕೆ ಕೆಲಸ ಕೊಟ್ಟಿರಲಿಲ್ಲ. ಕೊಟ್ಟ ದಿನ ಅದು ತಡೆದು ನಿಂತಿತು.

ನಾಯಕ ಬಂದ ದಾರಿಯಲ್ಲೇ ತೆವಳಿ ಹೋದ. ಈಗ ಅವನಿಗೆ ಅವಸರ ಇರಲಿಲ್ಲ. ಮೊದಲು ಕೂಸನ್ನು ಏಣಿಯ ಮೇಲಿದ್ದವನ ಕೈಗೆ ಕೊಟ್ಟ. ಆಮೇಲೆ ಅವಳನ್ನು ಹೆಗಲಿಗೆ ಹಾಕಿಕೊಂಡು ಇಳಿದ. ಏಣಿಯ ನಡುವೆ ಕೂಸು ಅತ್ತಿತು. ಬೀದಿಯಲ್ಲಿ ನಿಂತಿದ್ದವರೆಲ್ಲ ಆ ಅಳು ಕೇಳಿ ಅತ್ತರು. ಗಾದೆ ಹೇಳಿದ ಮುದುಕನೂ ಅತ್ತ.

ಕಾಲು ನೆಲಕ್ಕೆ ಮುಟ್ಟಿದ ಮೇಲೆ ನಾಯಕ ಮುಂಬಾಗಿಲಿನ ಇಬ್ಬರಿಗೆ "ಈಗ ತಗೀರಿ" ಎಂದ. ಕದ ತೆರೆಯಿತು, ನೀರು ಮೊದಲು ಹೋಯಿತು. ಅರ್ಧ ಗಂಟೆಯಲ್ಲಿ ಬೆಂಕಿ ಬಗ್ಗಿತು. ಅಂಗಡಿ ಹೋಯಿತು, ಮೆಟ್ಟಿಲು ಹೋಯಿತು. ಬಾಗಿಲು ಹಾಕಿದ ಆ ಒಂದು ಕೋಣೆಯಲ್ಲಿ ಮಾತ್ರ ಕೂಸಿನ ತೊಟ್ಟಿಲು ಸಹಿತ ಎಲ್ಲವೂ ಉಳಿದಿತ್ತು, ಮಸಿ ಹಿಡಿದು.

ವ್ಯಾಪಾರಿ ಬಂದು ನಾಯಕನ ಕಾಲಿಗೆ ಬಿದ್ದ.

"ನಮಸ್ಕಾರ ಇರಲಿ ಸಾವ್ಕಾರ್ರ" ಎಂದ ನಾಯಕ. "ಇನ್ನ ಮ್ಯಾಲರ ಸೊಸಿಗೆ ಬಾಗಲಾ ಹಾಕ್ಕೊಳ್ಳಾಕ ಬಿಡ್ರಿ."

ಗಂಡ ಸುಟ್ಟ ಕೈಗಳನ್ನು ಮುಂದೆ ಹಿಡಿದುಕೊಂಡು ಬಂದ. "ನಾ ಆಕಿನ್ನ ಉಳಸಾಕ ಹೋಗಿದ್ದೆರಿ" ಎಂದ. ನಾಯಕನಿಗೆ ಅದಕ್ಕೆ ಕೊಡಬೇಕಾದ ಉತ್ತರ ಗೊತ್ತಿತ್ತು. ಆದರೆ ಕೈ ಸುಟ್ಟುಕೊಂಡವನಿಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು, ಹೆಂಡತಿ ಇದ್ದ ಕಡೆಗೆ ಕರೆದುಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ತಲೆ ತಗ್ಗಿಸಿ ಕೂತಿದ್ದ. ತಾನು ಗೊತ್ತು ಮಾಡಿದ ಆರು ಜನ ಅವನಿಗೆ ನೆನಪಾದರು. ಅವರು ಬೀಗರ ಮನೆಯ ಮುಂದೆ ಕೂಗಾಡಿ ಸಂಜೆಯ ಬಸ್ಸಿಗೆ ತಿರುಗಿ ಬರುತ್ತಾರೆ. ನಿಂಬೆವ್ವ ಮಾತ್ರ ಆ ಮನೆಯೊಳಗೇ ಉಳಿಯುತ್ತಾಳೆ. ಬೀದಿಯಲ್ಲಿ ಮಾನ ಕಳೆದುಕೊಂಡವರು ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾರೆ? ಹಾರೆ ಹಿಡಿದವನು ತಾನೇ ಎಂದು ಅವನಿಗೆ ಅರ್ಥವಾಯಿತು. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಒಂದು ಸಮಾಧಾನವೂ ಬಂತು. ಹೋಗದೆ ಇರುವುದು ಹೋಗುವುದಕ್ಕಿಂತ ಸುಲಭವಲ್ಲವೇ?

"ತಿಳೀತ್ರಿ ಅಜ್ಜಾರ" ಎಂದ. "ನಾ ಹೋಗೂದಿಲ್ಲ. ಬಾಗಲಾ ಹಾಕ್ಕೊಂಡು ಸುಮ್ಮನ ಕುಂದರತೀನಿ. ಇಂದಿಲ್ಲ ನಾಳಿ ಅದು ತಾನ ಆರತೈತಿ."

"ಅವನು ಬಾಗಿಲು ಹಾಕಿದ್ದು ಏಣಿ ಹತ್ತುವುದಕ್ಕೆ, ಶಂಭುಲಿಂಗ" ಎಂದರು ಗುರುಗಳು.

ಶಂಭುಲಿಂಗ ತಂಗಿಯನ್ನು ಆ ಮನೆಯಿಂದ ಹೊರಗೆ ತರುವ ದಾರಿ ಹುಡುಕಲು ಎದ್ದ.