ಹೂಂಗುಟ್ಟಿದ ಡೊಳ್ಳಯ್ಯ

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ಅದರಲ್ಲಿ ಡೊಳ್ಳಯ್ಯನೆಂಬ ಕಪ್ಪೆ ತನ್ನ ಗೊದಮೊಟ್ಟೆ ಮರಿಗಳೊಂದಿಗೆ ಸುಖವಾಗಿದ್ದ. ಸಂಜೆಯಾದರೆ ಗೊರವಂಕ ಸಾತಮ್ಮ ಕೆರೆ ಏರಿಯ ಮೇಲೆ ಕೂತು ಕತೆ ಹೇಳುವಳು. ಕತೆಗೆ ಹೂಂಗುಟ್ಟಲು ಒಬ್ಬರು ಬೇಕಲ್ಲ? ಡೊಳ್ಳಯ್ಯನ ಗಂಟಲು ದೊಡ್ಡದು, ಆ ಕೆಲಸ ಅವನಿಗೇ ಸಿಕ್ಕಿತ್ತು.

ಸಾತಮ್ಮನ ಕತೆಯ ನಾಯಕ ಕೆಂಚನೆಂಬ ಮುಂಗುಸಿ. ದುಷ್ಟ ಹುಲಿರಾಜನ ಕಾನೂನೆಂದರೆ ಅವನಿಗೆ ಕಾಲ ಕಸ. ಕೆಂಚ ರಾಜನ ಅಣೆಕಟ್ಟು ಒಡೆದ ಸಂಜೆ ಡೊಳ್ಳಯ್ಯನಿಗೆ ಬರೀ ಹೂಂಗುಟ್ಟಿದ್ದು ಸಾಲಲಿಲ್ಲ, ಎದ್ದು ಕುಣಿದ.

"ಹಾಗೇ ಒಡೀಬೇಕು. ದೊಡ್ಡವರ ಸೊಕ್ಕಿಗೆ ಅದೇ ಮದ್ದು" ಎಂದ.

ಹಿಂದೆ ಕೂತಿದ್ದ ಹೆಗ್ಗಣ ತೋಡಣ್ಣ ಈ ಮಾತನ್ನು ಮನಸ್ಸಿಗೆ ಹಾಕಿಕೊಂಡ. ಆನೆ ಕುಡಿದು ಮುಗಿಸುವವರೆಗೆ ಯಾರೂ ಕೆರೆಗೆ ಬಾಯಿಡಬಾರದೆಂಬುದು ಆ ಕಾಡಿನ ಕಟ್ಟಳೆ. ಕಾದು ಕಾದು ಪಾಪ, ಅವನಿಗೂ ಸಾಕಾಗಿತ್ತು.

ಮರುದಿನ ಡೊಳ್ಳಯ್ಯ ಕಣ್ಣು ಬಿಟ್ಟರೆ ನೀರು ಅವನ ಮಂಡಿಗೆ ಇಳಿದಿತ್ತು. ಏರಿಯಲ್ಲಿ ಹೊಸ ಬಿಲ, ಅದರೊಳಗೆ ನೀರು ಭರ್ರೆಂದು ಓಡುತ್ತಿತ್ತು. ಮರಿಗಳೂ ಅತ್ತಲೇ ಜಾರುತ್ತಿದ್ದವು. ಡೊಳ್ಳಯ್ಯ ಬೇರೇನೂ ತೋಚದೆ ಹಿಮ್ಮುಖವಾಗಿ ಬಿಲಕ್ಕೆ ತೂರಿ ಹೊಟ್ಟೆ ಉಬ್ಬಿಸಿಬಿಟ್ಟ. ನೀರು ನಿಂತಿತು. ಅವನೂ ಅಲ್ಲೇ ಸಿಕ್ಕಿಕೊಂಡ.

ಅಷ್ಟರಲ್ಲಿ ತೋಡಣ್ಣ ಶಹಭಾಸ್‌ಗಿರಿಗಾಗಿ ಹಲ್ಲು ಕಿರಿಯುತ್ತ ಬಂದ. ಆನೆಯ ಸೊಕ್ಕು ಇಳಿಸಲು ಏರಿ ಕೊರೆದದ್ದು ತಾನೇ ಎಂದ. ಡೊಳ್ಳಯ್ಯ ಬಾಯಿಗೆ ಬಂದಂತೆ ಬೈದ.

"ನಿನ್ನೆ ನೀನೇ ಕುಣಿದೆಯಲ್ಲ ಮಾರಾಯ?" ಎಂದ ತೋಡಣ್ಣ.

"ಅದು ಕತೆ ಕಣೋ. ಆ ಅಣೆಕಟ್ಟಲ್ಲಿ ನನ್ನ ಮಕ್ಕಳಿರಲಿಲ್ಲ."

ತೋಡಣ್ಣ ತಲೆ ಕೆರೆದುಕೊಂಡ. "ಬೇರೆ ಯಾರದೋ ಇದ್ದವೇನೋ. ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ."

ಡೊಳ್ಳಯ್ಯನಿಗೆ ನಾಚಿಕೆಯಾಯಿತು. ಆದರೆ ಬಿರಡೆಯಾಗಿ ಕೂತವನು ಮುಖ ಮುಚ್ಚಿಕೊಳ್ಳುವುದು ಹೇಗೆ? ಕೊನೆಗೆ ಆನೆ ಬಂದು ಸೊಂಡಿಲಿನಿಂದ ಅವನನ್ನು ಪಟ್ಟನೆ ಕಿತ್ತು, ಬಿಲಕ್ಕೆ ಮಣ್ಣು ಮೆತ್ತಿತು. ಡೊಳ್ಳಯ್ಯ ಅದೇ ದೊಡ್ಡ ಗಂಟಲಿನಲ್ಲಿ, ಎಲ್ಲರಿಗೂ ಸರದಿ ಸಿಗಲಿ ಎಂದು ಆನೆಗೆ ನೇರವಾಗಿ ಹೇಳಿದ. ಆನೆ ಗೊಣಗುತ್ತಲೇ ಒಪ್ಪಿತು.

ಡೊಳ್ಳಯ್ಯ ಈಗಲೂ ಕತೆ ಕೇಳುತ್ತಾನೆ, ಕುಣಿಯುತ್ತಾನೆ. ಆದರೆ ಅಣೆಕಟ್ಟಿನ ಕತೆ ಮತ್ತೆ ಬಂದು ಕೆಂಚ ಒಡೆಯಲು ಕೈ ಎತ್ತಿದೊಡನೆ, "ತಡಿ ಸಾತಮ್ಮ, ಒಳಗೆ ಯಾರಿದ್ದಾರೆ?" ಎನ್ನುತ್ತಾನೆ. ಹಾಗಾಗಿ ಸಾತಮ್ಮನ ಕತೆಯಲ್ಲಿ ಕೆಂಚ ಈಗ ಅಣೆಕಟ್ಟಿನೊಳಗಿನ ಮರಿಗಳನ್ನೆಲ್ಲ ಒಂದೊಂದಾಗಿ ಬೇರೆ ಕೆರೆಗೆ ಸಾಗಿಸುತ್ತಿದ್ದಾನೆ. ಈ ಸಲ ಅಣೆಕಟ್ಟು ಇನ್ನೂ ಒಡೆದಿಲ್ಲ.

ನೀತಿ: ಕತೆಯ ಬಂಡಾಯಗಾರನಿಗೆ ಚಪ್ಪಾಳೆ ತಟ್ಟಬಹುದು, ಆದರೆ ಅವನು ಮುರಿದದ್ದು ಯಾರ ಮನೆ ಎಂದೂ ಕೇಳಬೇಕು.